ಪೋಪರಿಗೂ ಅದೇ ಅಳತೆಗೋಲು

ಹೆಂಗಸೊಬ್ಬಳು ಗಂಡುವೇಷದಲ್ಲಿ ಪೋಪ್ ಆಗಿದ್ದಳಂತೆ! ‘ಪೋಪ್ ಜೋನ್’ ಎಂಬ ಈ ಕಥೆಯ ಬೆನ್ನುಹತ್ತಿದಾಗ ನನಗೆ ಸಿಕ್ಕವರು ಇಗ್ನಾಜ್ ಫಾನ್ ಡೊಲಿಂಗರ್. 1799ರಲ್ಲಿ ಜರ್ಮನಿಯ ಬಾಂಬರ್ಗ್‌ನಲ್ಲಿ ಹುಟ್ಟಿದ ಕ್ಯಾಥೊಲಿಕ್ ಪಾದ್ರಿ, 1826ರಿಂದ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಚರ್ಚ್ ಇತಿಹಾಸದ ಅಧ್ಯಾಪಕ. 9ನೇ ಶತಮಾನದ್ದೆಂದು ಹೇಳುವ ಜೋನ್‌ಳ ಕಥೆ ಹುಟ್ಟಿದ್ದೇ 13ನೇ ಶತಮಾನದಲ್ಲಿ ಎಂದು 1863ರ ಪುಸ್ತಕದಲ್ಲಿ ಅವರು ವಾದಿಸಿದರು. ಬರೀ ಹೆಂಗಸಿನ ಕಥೆಯನ್ನಷ್ಟೇ ಸುಳ್ಳೆಂದು ತಳ್ಳಿದ್ದರೆ ನಾನು ಓದುವುದನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಆದರೆ ಅದೇ ಅಳತೆಗೋಲನ್ನು ಅವರು ಪೋಪರಿಗೂ ಹಿಡಿದರು. ಧರ್ಮಬೋಧನೆಯ ವಿಷಯದಲ್ಲಿ ಪೋಪ್ ವಿಧಿಪೂರ್ವಕ ಕೊಡುವ ತೀರ್ಪು ತಪ್ಪಾಗಲಾರದು ಎಂದು 1870ರಲ್ಲಿ ವ್ಯಾಟಿಕನ್ ಮಹಾಸಭೆ ಸಾರಿತು. ಇದಕ್ಕೆ ಚರ್ಚ್‌ನ ಇತಿಹಾಸದಲ್ಲಿ ಆಧಾರವಿಲ್ಲ ಎಂದರು ಡೊಲಿಂಗರ್. ಒಪ್ಪಿಕೊಳ್ಳಿ ಎಂದು ಆರ್ಚ್‌ಬಿಷಪ್ ಕೇಳಿದರು, ಇವರು ಒಪ್ಪಲಿಲ್ಲ. 1871ರ ಏಪ್ರಿಲ್‌ನಲ್ಲಿ ಬಹಿಷ್ಕಾರ ಬಿತ್ತು. ಆಗ ಅವರಿಗೆ 72 ವರ್ಷ.

ಆ ಬಳಿಕ ವಿಶ್ವವಿದ್ಯಾಲಯ ಅವರನ್ನೇ ರೆಕ್ಟರ್ ಆಗಿ ಆರಿಸಿತು. ಅವರಂತೆಯೇ ವಿರೋಧಿಸಿದವರು ‘ಹಳೆಯ ಕ್ಯಾಥೊಲಿಕರು’ ಎಂದು ಬೇರೆಯಾದರು. ಇವರು ಅವರ ಬೆನ್ನಿಗಿದ್ದರೂ ವಿಧಿವತ್ತಾಗಿ ಸೇರಲಿಲ್ಲ. ನನ್ನನ್ನು ಕಾಡುವುದು ಇನ್ನೊಂದು ಸಂಗತಿ: ಬಹಿಷ್ಕಾರ ಅನ್ಯಾಯವೆಂದು ನಂಬಿದ್ದರೂ ಅವರು ಅದನ್ನು ಮೀರಲಿಲ್ಲ. 1890ರಲ್ಲಿ ತೀರಿಕೊಳ್ಳುವವರೆಗೆ ಆ ಪಾದ್ರಿ ಮತ್ತೆ ಬಲಿಪೂಜೆ ಅರ್ಪಿಸಲೇ ಇಲ್ಲ.