ಪ್ರಸಾರದ ಹಕ್ಕು, ಓದುವ ಹಕ್ಕು

ಗ್ರಂಥಕರ್ತನ ಸ್ವಾಮ್ಯಕ್ಕೆ ಹಲವು ರಾಷ್ಟ್ರಗಳ ಮಾನ್ಯತೆ ಒಟ್ಟಿಗೆ ದೊರೆತುದು 1886ರ ಬರ್ನ್ ಒಡಂಬಡಿಕೆಯಿಂದ. ರೇಡಿಯೋ ಬಂದ ಮೇಲೆ ಪ್ರಸಾರ ಸಂಸ್ಥೆಗಳೂ ರಕ್ಷಣೆಯನ್ನು ಬೇಡಿದುವು. 1961ರ ರೋಮ್ ಒಡಂಬಡಿಕೆಯು ಅವಕ್ಕೆ ಕನಿಷ್ಠ 20 ವರ್ಷಗಳ ಹಕ್ಕನ್ನಿತ್ತಿತು. ಭಾರತ ಅದಕ್ಕೆ ಸಹಿ ಹಾಕಿತಾದರೂ ಸ್ಥಿರೀಕರಿಸಲಿಲ್ಲ.

ಈ ರಕ್ಷಣೆಯನ್ನು ಹೊಸ ಕಾಲಕ್ಕೆ ಹೊಂದಿಸುವ ಚರ್ಚೆ 1998ರಲ್ಲಿ, ಜಿನೀವಾದ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಸಮಿತಿಯೊಂದರಲ್ಲಿ ಮೊದಲಾಯಿತು. ಮುಖ್ಯ ತೊಡಕು ಇದು: ಕಾಯಬೇಕಾದುದು ಸಾಗುತ್ತಿರುವ ಸಂಕೇತವನ್ನು ಮಾತ್ರವೋ, ಮುದ್ರಿತವಾಗಿ ಉಳಿದ ಕಾರ್ಯಕ್ರಮವನ್ನೂ ಸೇರಿಸಿಯೋ? ಎರಡನೆಯದಾದರೆ ಕವಿಯ ಹಕ್ಕಿನ ಮೇಲೆ ಪ್ರಸಾರಕನ ಹಕ್ಕು ಕುಳಿತು, ಸ್ವಾಮ್ಯ ಮುಗಿದ ಕೃತಿಗೂ ಬೀಗ ಬೀಳುವುದೆಂಬುದು ಆಕ್ಷೇಪಿಸಿದವರ ಆತಂಕ. 2007ರಲ್ಲಿ ಒಮ್ಮತ ಮೂಡದೆ, ಸೇರಬೇಕಿದ್ದ ರಾಜತಾಂತ್ರಿಕ ಸಮ್ಮೇಳನ ಸೇರಲಿಲ್ಲ.

ಅದೇ ಸಮಿತಿಯ ಮುಂದೆ 2009ರಲ್ಲಿ ಬ್ರೆಜಿಲ್, ಈಕ್ವೆಡಾರ್, ಪರಾಗ್ವೆಗಳು ವಿಶ್ವ ಅಂಧರ ಒಕ್ಕೂಟದ ಕರಡನ್ನು ಇರಿಸಿದುವು. ಬ್ರೈಲ್ ಪ್ರತಿಗೆ ಹಕ್ಕುದಾರನ ಅಪ್ಪಣೆ ಬೇಡ. ಆ ಪ್ರತಿ ಗಡಿಯನ್ನೂ ದಾಟಲಿ ಎಂಬುದು ಅದರ ಸಾರ. 2013ರ ಜೂನ್ 27ರಂದು ಮರಕೇಶ ನಗರದಲ್ಲಿ ಒಡಂಬಡಿಕೆ ಅಂಗೀಕೃತವಾಯಿತು. 2012ರಲ್ಲಿಯೇ ತನ್ನ ಕಾಯಿದೆಗೆ ಇಂಥ ವಿನಾಯಿತಿಯನ್ನು ಸೇರಿಸಿಕೊಂಡಿದ್ದ ಭಾರತವು 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿತು.

ಹಕ್ಕಿನ ಮೇರೆಯನ್ನು ಹಿಗ್ಗಿಸಹೊರಟ ವಾದ ನಡುದಾರಿಯಲ್ಲಿ ನಿಂತಿತು; ಓದಲಾರದವನ ಕೊರತೆಯನ್ನು ಎತ್ತಿ ತೋರಿದ ವಾದ ನಾಲ್ಕೇ ವರ್ಷಗಳಲ್ಲಿ ದಡ ಸೇರಿತು.