ಕಡಲ ತಳ ಎಣಿಸಿದವರು

ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿ ಬಂದವರು ನಿಮ್ಮ ಆಫೀಸಲ್ಲೂ ಒಬ್ಬರಿಬ್ಬರು ಇದ್ದೇ ಇರ್ತಾರೆ. ಕೆಳಗೆ ಏನಿತ್ತು ಅಂತ ಕೇಳಿ ನೋಡಿ. "ಸಕತ್ತಾಗಿತ್ತು ಮಗಾ" ಅಂತಾರೆ. ಸುಳ್ಳೇನಲ್ಲ. ಆದರೆ ಒಂದು ಕಡಲನ್ನು ಕಾಪಾಡಬೇಕು ಅಂತ ವಾದ ಮಾಡೋಕೆ "ಸಕತ್ತು" ಸಾಲದು. ಯಾರೋ ಇಳಿದು ಎಣಿಸಬೇಕು: ಎಷ್ಟು ಹವಳ, ಎಷ್ಟು ಮರಳು, ಎಷ್ಟು ಜಾತಿ, ಕಳೆದ ಸಲ ಎಷ್ಟಿತ್ತು, ಈಗೆಷ್ಟಿದೆ.

ನಮ್ಮ ದೇಶದಲ್ಲಿ ಈ ಎಣಿಕೆಗೆ ತುಂಬಾ ಹಳೆಯ ಇತಿಹಾಸ ಇರುವ ಜಾಗ ತಮಿಳುನಾಡಿನ ಮನ್ನಾರ್ ಕೊಲ್ಲಿ. ರಾಮೇಶ್ವರದಿಂದ ತೂತ್ತುಕುಡಿವರೆಗೆ ಕರಾವಳಿಗುಂಟ ಹರಡಿಕೊಂಡ 21 ಪುಟ್ಟ ದ್ವೀಪಗಳು, ಸುತ್ತ ಹವಳ, ಕಡಲ ಹುಲ್ಲಿನ ಬಯಲು. ಇವತ್ತು ಅದು ರಾಷ್ಟ್ರೀಯ ಉದ್ಯಾನ. ಆದರೆ ಅಲ್ಲಿನ ತಳವನ್ನು ಮೊದಲು ಎಣಿಸಿದ್ದು ಕಾಪಾಡೋಕಲ್ಲ, ಮಾರೋಕೆ.

ಮುತ್ತಿನ ವಿಷಯ ಹೇಳ್ತಿದ್ದೀನಿ. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ಕಡಲ ವ್ಯಾಪಾರದ ಕೈಪಿಡಿಯಲ್ಲೇ ಪಾಂಡ್ಯರ ಕೊರ್ಕೈ ಬಂದರಿನ ಮುತ್ತಿನ ಮಾತು ಬರುತ್ತದೆ. ಅಲ್ಲಿ ಮುಳುಗುತ್ತಿದ್ದವರು ಶಿಕ್ಷೆಗೊಳಗಾದ ಕೈದಿಗಳು ಅಂತ ಆ ಲೇಖಕ ಬರೆದಿದ್ದಾನೆ. ಆಮೇಲೆ ಪೋರ್ಚುಗೀಸರು ಬಂದರು, ಡಚ್ಚರು ಬಂದರು, ಇಂಗ್ಲಿಷರು ಬಂದರು. ಮುತ್ತು ಎಲ್ಲರಿಗೂ ಬೇಕಿತ್ತು. ಕಷ್ಟ ಏನಪ್ಪಾ ಅಂದ್ರೆ, ಮುತ್ತಿನ ಚಿಪ್ಪು ಪ್ರತಿ ವರ್ಷ ಸಿಗುವ ಬೆಳೆಯಲ್ಲ. ಚಿಪ್ಪು ಬಲಿಯೋಕೆ ನಾಲ್ಕೈದು ವರ್ಷ ಬೇಕು. ಬೇಗ ತೆಗೆದರೆ ಮುತ್ತು ಸಾಸಿವೆ ಕಾಳು, ತಡ ಮಾಡಿದರೆ ಚಿಪ್ಪೇ ಸತ್ತು ಮುತ್ತು ಮರಳಲ್ಲಿ ಹೋಯಿತು. ಕೆಲವೊಮ್ಮೆ ಹತ್ತಿಪ್ಪತ್ತು ವರ್ಷ ಏನೂ ಇರಲ್ಲ.

ಹಾಗಾಗಿ ಹುಟ್ಟಿಕೊಂಡಿದ್ದು ಸರ್ವೆ. ಬ್ರಿಟಿಷರ ಕಾಲದಲ್ಲಿ ಮುತ್ತಿನ ಬಂಡೆಗಳನ್ನು ನೋಡಿಕೊಳ್ಳೋಕೆ ಒಬ್ಬ ಅಧಿಕಾರಿಯೇ ಇರುತ್ತಿದ್ದ. ಈ ಬಂಡೆಗಳಿಗೆ ತಮಿಳಿನಲ್ಲಿ 'ಪಾರ್' ಅನ್ನುತ್ತಾರೆ. ಅಧಿಕಾರಿ ದೋಣಿಯಲ್ಲಿ ಕೂತು ಜಾಗ ಗುರುತು ಹಾಕಿಕೊಳ್ಳುವುದು, ಮುಳುಗುಗಾರ ಕಾಲಿಗೆ ಕಲ್ಲಿನ ಭಾರ ಕೊಟ್ಟುಕೊಂಡು ಹಗ್ಗ ಹಿಡಿದು ಇಳಿಯುವುದು, ಒಂದೇ ಉಸಿರಲ್ಲಿ ಕೈಗೆ ಸಿಕ್ಕಷ್ಟು ಚಿಪ್ಪು ತುಂಬಿಕೊಂಡು ಬರುವುದು. ಒಂದು ಮುಳುಗಿಗೆ ಎಷ್ಟು ಚಿಪ್ಪು, ಅವುಗಳ ವಯಸ್ಸೆಷ್ಟು, ಬಂಡೆ ಎಷ್ಟು ಅಗಲ ಅಂತ ಲೆಕ್ಕ ಹಾಕಿ ಒಟ್ಟು ಅಂದಾಜು ಮಾಡೋದು. ಮಾದರಿಗೆ ತೆಗೆದ ಚಿಪ್ಪುಗಳನ್ನು ಕೊಳೆಸಿ, ತೊಳೆದು, ಸಿಕ್ಕ ಮುತ್ತಿಗೆ ಬೆಲೆ ಕಟ್ಟೋದು. ಸಾವಿರ ಚಿಪ್ಪಿಗೆ ಇಷ್ಟು ರೂಪಾಯಿ ಅಂತ ಗಿಟ್ಟಿದರೆ ಮಾತ್ರ ಮೀನುಗಾರಿಕೆ ಘೋಷಣೆ. ಇಲ್ಲದಿದ್ದರೆ ಬಂಡೆಗೆ ಬೀಗ, ಕಾವಲು ದೋಣಿ. ನಾವು ಇವತ್ತು ಸ್ಯಾಂಪ್ಲಿಂಗ್ ಅನ್ನೋದು ಇದನ್ನೇ ಅಲ್ವಾ?

ಶಂಖಕ್ಕೂ ಒಂದು ನಿಯಮ ಇತ್ತು. ಎರಡೂವರೆ ಇಂಚಿಗಿಂತ ಕಡಿಮೆ ವ್ಯಾಸದ ಶಂಖ ಸಿಕ್ಕರೆ ಜೀವಂತವಾಗಿ ವಾಪಸ್ ಕಡಲಿಗೆ ಬಿಡಬೇಕು. ಬಂಗಾಳದ ಹೆಂಗಸರ ಕೈಬಳೆಗೆ ಹೋಗುತ್ತಿದ್ದ ಶಂಖ ಅದು. ಮುಂದಿನ ವರ್ಷವೂ ಆದಾಯ ಬರಬೇಕಲ್ಲ, ಅದಕ್ಕೆ ಈ ದಯೆ.

ಒಂದು ಸೊಗಸಾದ ವಿವರ: ಶಾರ್ಕ್‌ಗಳ ಬಾಯಿ ಕಟ್ಟುವ ಮಂತ್ರವಾದಿಗೂ ಸರ್ಕಾರದಿಂದಲೇ ಸಂಭಾವನೆ ಸಲ್ಲುತ್ತಿತ್ತು. ಅವನ ಹೆಸರು ಕಡಲ್‌ಕಟ್ಟಿ. ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಂತ್ರದಲ್ಲಿ ಸಾಹೇಬರಿಗೆ ನಂಬಿಕೆ ಇರಲಿಲ್ಲ. ಆದರೆ ಅವನಿಲ್ಲದೆ ಮುಳುಗುಗಾರರು ನೀರಿಗೆ ಇಳಿಯುತ್ತಿರಲಿಲ್ಲ.

ದುಡ್ಡಿನ ಲೆಕ್ಕ ವಿಜ್ಞಾನದ ಲೆಕ್ಕವಾಗೋಕೆ ಶುರುವಾಗಿದ್ದು 19ನೇ ಶತಮಾನದ ಕೊನೆಗೆ. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಇಲ್ಲಿನ ಮುತ್ತು, ಶಂಖ ಮತ್ತು ಕಡಲ ಜೀವಿಗಳ ಬಗ್ಗೆ 1890ರಲ್ಲಿ ಟಿಪ್ಪಣಿ ಪ್ರಕಟಿಸಿದ. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಹೌದು, ಆಮೇಲೆ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದವನು, ಜನರ ಮೂಗಿನ ಅಳತೆ ಹಿಡಿದವನು ಇವನೇ. ಮೊದಲು ಸ್ಪಂಜು, ಹವಳ, ಆಮೇಲೆ ನಾವು.

ನಂತರ 1902ರಲ್ಲಿ ಕೊಲ್ಲಿಯ ಆಚೆ ದಡಕ್ಕೆ, ಸಿಲೋನಿಗೆ, ಲಿವರ್‌ಪೂಲ್‌ನ ಪ್ರೊಫೆಸರ್ ಹರ್ಡ್‌ಮನ್ ಬಂದ. ಮುತ್ತಿನ ಚಿಪ್ಪು ಯಾಕೆ ಹೀಗೆ ಇದ್ದಕ್ಕಿದ್ದಂತೆ ಮಾಯ ಆಗುತ್ತೆ ಅಂತ ಕಂಡುಹಿಡಿಯೋದು ಅವನ ಕೆಲಸ. ಜೊತೆಗೆ ಬಂದ ಜೇಮ್ಸ್ ಹಾರ್ನೆಲ್ ಅಲ್ಲೇ ಉಳಿದ, ಮುಂದೆ ಮದ್ರಾಸಿನ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥನಾದ. ತಳವನ್ನು ಬಲೆಯಿಂದ ಕೆರೆದು, ಮುಳುಗುಗಾರರನ್ನು ಇಳಿಸಿ ಅವರು ಕಂಡುಕೊಂಡ ಒಂದು ಸತ್ಯ ಸರಳವಾಗಿತ್ತು. ಮರಿಚಿಪ್ಪಿಗೆ ಅಂಟಿಕೊಳ್ಳೋಕೆ ಗಟ್ಟಿ ನೆಲೆ ಬೇಕು. ಮುಂಗಾರಿನ ಅಲೆಗೆ ಮರಳು ಸರಿದು ಬಂದರೆ ಕೋಟಿಗಟ್ಟಲೆ ಮರಿಗಳು ಹೂತು ಸಾಯುತ್ತವೆ. ಅಂದರೆ ಚಿಪ್ಪನ್ನು ಮಾತ್ರ ಎಣಿಸಿದರೆ ಉಪಯೋಗವಿಲ್ಲ, ಅದು ಕೂತಿರುವ ನೆಲವನ್ನೂ ಓದಬೇಕು. ರಾಯಲ್ ಸೊಸೈಟಿ ಈ ವರದಿಯನ್ನು 1903ರಿಂದ 1906ರ ನಡುವೆ ಐದು ಸಂಪುಟಗಳಲ್ಲಿ ತಂದಿತು.

ಇಷ್ಟೆಲ್ಲ ಓದಿದವರು ಏನು ಮಾಡಿದರು? 1905ರಲ್ಲಿ ಸಿಲೋನ್ ಕಡೆ ಭರ್ಜರಿ ಫಸಲು, 8 ಕೋಟಿಗೂ ಹೆಚ್ಚು ಚಿಪ್ಪು ಮೇಲೆ ಬಂತು. ಆ ಸಂಖ್ಯೆ ನೋಡಿ ಎಲ್ಲರ ತಲೆ ತಿರುಗಿತು. 1906ರಲ್ಲಿ ಲಂಡನ್ನಿನ ಒಂದು ಕಂಪನಿ ಬಂಡೆಗಳನ್ನು 20 ವರ್ಷದ ಗುತ್ತಿಗೆಗೆ ತಗೊಂಡಿತು. 1907ರ ನಂತರ ಚಿಪ್ಪೇ ಇಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಬಾಗಿಲು ಹಾಕಿತು. ಸರ್ವೆ ಚೆನ್ನಾಗೇ ಇತ್ತು. ಅದರಲ್ಲಿ ಬೇಕಾದ ಸಾಲನ್ನು ಮಾತ್ರ ಓದಿಕೊಂಡರು.

ಭಾರತದ ಕಡೆ ಕೆಲಸ ನಿಧಾನಕ್ಕೆ ಬೇರೆ ದಾರಿ ಹಿಡಿಯಿತು. ಪಾಂಬನ್ ಹತ್ತಿರದ ಕುರುಸಡೈ ದ್ವೀಪದ ಜೀವಿಗಳ ಮೇಲೆ ಮದ್ರಾಸ್ ಮ್ಯೂಸಿಯಂ 1927ರಲ್ಲಿ ಒಂದು ಪುಸ್ತಕವನ್ನೇ ತಂದಿತು. 1947ರಲ್ಲಿ ಕೇಂದ್ರ ಸರ್ಕಾರದ ಕಡಲ ಮೀನುಗಾರಿಕಾ ಸಂಶೋಧನಾ ಕೇಂದ್ರ ಶುರುವಾಯಿತು. 60ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ತಾವೇ ಕೆಳಗಿಳಿದರು. ಇದು ದೊಡ್ಡ ತಿರುವು. ಅಲ್ಲಿಯವರೆಗೆ ಮುಳುಗುವವನು ಬರೆಯುತ್ತಿರಲಿಲ್ಲ, ಬರೆಯುವವನು ಮುಳುಗುತ್ತಿರಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಕಡೆ ಹವಳವನ್ನು ಸುಣ್ಣಕ್ಕೆ, ಕಟ್ಟಡಕ್ಕೆ ಅಂತ ಅಗೆದು ಸಾಗಿಸೋದು ನಡೆದೇ ಇತ್ತು. 1986ರಲ್ಲಿ 560 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಾಯಿತು, 1989ರಲ್ಲಿ ಸುತ್ತಲಿನ ಕಡಲೂ ಸೇರಿ ಜೀವಗೋಲ ಮೀಸಲು ಪ್ರದೇಶವಾಯಿತು. ಆದರೂ ಅಗೆತ ನಿಲ್ಲೋಕೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. 21ರಲ್ಲಿ ಎರಡು ದ್ವೀಪಗಳು, ಪೂವರಸನ್‌ಪಟ್ಟಿ ಮತ್ತು ವಿಲಾಂಗುಚಲ್ಲಿ, ನೀರಿನಡಿ ಹೋದವು. ಅಲೆ ತಡೆಯುವ ಹವಳದ ಗೋಡೆಯನ್ನು ಕಿತ್ತ ಮೇಲೆ ಮರಳಿನ ದ್ವೀಪ ಎಷ್ಟು ದಿನ ನಿಂತೀತು?

ಈಗಿನ ಸರ್ವೆ ನೋಡೋಕೆ ಬಲು ಬೋರಿನ ಕೆಲಸ. ತಳದ ಮೇಲೆ ಅಳತೆ ಟೇಪು ಎಳೆದು, ಅದರ ಕೆಳಗೆ ಏನಿದೆ ಅಂತ ಒಂದೊಂದೇ ಸೆಂಟಿಮೀಟರ್ ಬರೆದುಕೊಳ್ಳುತ್ತಾ ಹೋಗೋದು: ಜೀವಂತ ಹವಳ, ಸತ್ತ ಹವಳ, ಪಾಚಿ, ಮರಳು. ಅದೇ ಜಾಗಕ್ಕೆ ಮುಂದಿನ ವರ್ಷ ಮತ್ತೆ ಹೋಗೋದು. 2003-05ರಲ್ಲಿ ತೂತ್ತುಕುಡಿಯ ಸಂಶೋಧಕರು ಹೀಗೆ ಎಲ್ಲ ದ್ವೀಪಗಳ ಸುತ್ತ ಇಳಿದು 117 ಜಾತಿಯ ಹವಳ ದಾಖಲಿಸಿದರು. ಹಳೆಯ ಪಟ್ಟಿಯಲ್ಲಿ ಇದ್ದದ್ದು 94. ಹಾಗಾದರೆ ಹವಳ ಹೆಚ್ಚಾಯಿತಾ? ಇಲ್ಲ. ಹುಡುಕಿದ್ದು ಹೆಚ್ಚಾಯಿತು ಅಷ್ಟೇ. ಜಾತಿ ಎಷ್ಟು ಅನ್ನೋದು ಒಂದು ಪ್ರಶ್ನೆ, ಬದುಕಿರೋದು ಎಷ್ಟು ಅನ್ನೋದು ಬೇರೆಯೇ ಪ್ರಶ್ನೆ. ಡ್ಯಾಶ್‌ಬೋರ್ಡ್ ನೋಡಿ ಬದುಕುವ ನಾವು ಇದನ್ನು ಬೇಗ ಮರೆಯುತ್ತೇವೆ. ನೀರು ಬಿಸಿಯಾಗಿ 2010 ಮತ್ತು 2016ರಲ್ಲಿ ಹವಳಗಳು ಬಿಳುಚಿಕೊಂಡಾಗ ನಷ್ಟ ಎಷ್ಟು ಅಂತ ಹೇಳೋಕಾಗಿದ್ದು ಆ ಬೋರಿನ ಟೇಪಿನಿಂದ. ಹೊರಗಿಂದ ತಂದು ಬೆಳೆಸಿದ ಕಪ್ಪಾಫೈಕಸ್ ಎಂಬ ಕಡಲಪಾಚಿ ಕುರುಸಡೈ ಹವಳದ ಮೇಲೆ ಹಬ್ಬಿ ಉಸಿರು ಕಟ್ಟಿಸುತ್ತಿದೆ ಅಂತ 2008ರಲ್ಲಿ ಗೊತ್ತಾಗಿದ್ದೂ ಯಾರೋ ಇಳಿದು ನೋಡಿದ್ದರಿಂದಲೇ.

ಆದರೆ ಈ ಕಥೆಯಲ್ಲಿ ಒಂದು ಹಳೇ ಸಾಲ ಬಾಕಿ ಇದೆ. ಉದ್ಯಾನವಾದ ಮೇಲೆ ದ್ವೀಪಗಳ ಸುತ್ತ ಇಳಿಯಬಾರದು ಅಂತ ಆಯಿತು. ತಲೆಮಾರುಗಳಿಂದ ಅಲ್ಲಿ ಮುಳುಗಿ ಕಡಲಪಾಚಿ ಕೀಳುತ್ತಿದ್ದ ರಾಮನಾಥಪುರದ ಹೆಂಗಸರು ರಾತ್ರೋರಾತ್ರಿ ಕಾನೂನು ಮುರಿಯುವವರಾದರು. ಅವರಲ್ಲೇ ಹಲವರು ಒಟ್ಟಾಗಿ ತಿಂಗಳಿಗೆ ಇಷ್ಟೇ ದಿನ ಇಳಿಯೋಣ, ಬೇರು ಕೀಳೋದು ಬೇಡ ಅಂತ ತಾವೇ ಮಿತಿ ಹಾಕಿಕೊಂಡರು. 2015ರಲ್ಲಿ ಅವರ ಪೈಕಿ ಒಬ್ಬರಿಗೆ ಸೀಕಾಲಜಿ ಎಂಬ ಅಂತಾರಾಷ್ಟ್ರೀಯ ಪ್ರಶಸ್ತಿಯೂ ಬಂತು. ಆ ನೀರಿಗೆ ವರ್ಷವಿಡೀ ಇಳಿಯುವವರು ಅವರು. ಪಾಚಿ ಎಲ್ಲಿ ತೆಳುವಾಯಿತು, ಹುಲ್ಲು ಎಲ್ಲಿ ಹೋಯಿತು ಅನ್ನೋದು ವಿಜ್ಞಾನಿಗಳಿಗಿಂತ ಮೊದಲು ಕಾಣೋದು ಅವರ ಕಣ್ಣಿಗೆ.

ಬ್ರಿಟಿಷರ ವರದಿಗಳಲ್ಲಿ ಸಾಹೇಬರ ಹೆಸರು ಪುಟಪುಟಕ್ಕೂ ಸಿಗುತ್ತದೆ. ಕಲ್ಲು ಕಟ್ಟಿಕೊಂಡು ಇಳಿದು ಚಿಪ್ಪು ತಂದವನು ಬರೀ 'ಮುಳುಗುಗಾರ'. ಈಗ ನಮ್ಮ ಕರ್ನಾಟಕದ ಕಡಲಲ್ಲೂ ಸಂರಕ್ಷಣೆ, ಸರ್ವೆ ಅನ್ನೋ ಮಾತು ಕೇಳಿಬರುತ್ತಿದೆ. ಟೇಪು ಹಿಡಿದು ಇಳಿಯುವವರು ಇಳಿಯಲಿ. ಜೊತೆಗೆ ದಡದ ಮೊಗೇರರನ್ನು, ಖಾರ್ವಿಗಳನ್ನು ಕರೆದು ಕೂರಿಸಿಕೊಂಡು ಕೇಳಲಿ, ಅವರು ಹೇಳಿದ್ದನ್ನು ಅವರ ಹೆಸರಿನಲ್ಲೇ ಬರೆದುಕೊಳ್ಳಲಿ. ಯಾಕಂದ್ರೆ ಬೀಗ ಹಾಕಿ ಸರ್ಕಾರಿ ಜೀಪು ಹೋದ ಮೇಲೂ ಆ ನೀರಿನ ಪಕ್ಕದಲ್ಲೇ ಇರೋರು ಅವರು.