ಹವ್ಯಾಸಿ ಸಭಾಮುದ್ರಣ

ಸಂಗೀತಸಭೆಗೆ ಬಂದ ರಸಿಕನು, ವ್ಯಾಪಾರದ ಉದ್ದೇಶವಿಲ್ಲದೆ, ತನ್ನ ಸ್ವಂತದ ಸಾಧಾರಣ ಯಂತ್ರದಿಂದ ಆ ಹೊತ್ತಿನ ಗಾನವಾದನಗಳನ್ನು ಹಿಡಿದಿಟ್ಟ ಧ್ವನಿಮುದ್ರಣಕ್ಕೆ ಈ ಹೆಸರು ಸಲ್ಲುತ್ತದೆ. ಇಂತಹ ಮುದ್ರಣದಲ್ಲಿ ಗಾಯಕನ ಕಂಠ ದೂರದಿಂದ ಕೇಳುತ್ತದೆ. ನಡುನಡುವೆ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಪಕ್ಕದವರ ಪಿಸುಮಾತು ನುಸುಳುತ್ತವೆ. ಕೆಲವೊಮ್ಮೆ ಹಾಡು ಮುಗಿಯುವ ಮೊದಲೇ ಸುರುಳಿ ಮುಗಿಯುತ್ತದೆ. ಇಷ್ಟು ದೋಷಗಳಿದ್ದೂ, ಅಥವಾ ಇವುಗಳಿಂದಲೇ, ಇವಕ್ಕೆ ಒಂದು ವಿಲಕ್ಷಣವಾದ ಆಕರ್ಷಣೆಯುಂಟು.

ಅದರ ಕಾರಣ ನಿಗೂಢವೇನಲ್ಲ. ಸ್ಟುಡಿಯೋದಲ್ಲಿ ಧ್ವನಿಗ್ರಾಹಕವು ಗಾಯಕನ ಬಾಯಿಯ ಬಳಿ ಇರುತ್ತದೆ, ಗೋಡೆಗಳಿಗೆ ಸದ್ದನ್ನು ನುಂಗುವ ಹೊದಿಕೆಯಿರುತ್ತದೆ. ಸಭಿಕರ ನಡುವೆ ಇಟ್ಟ ಒಂಟಿ ಧ್ವನಿಗ್ರಾಹಕವಾದರೋ, ನೇರವಾಗಿ ಬಂದ ನಾದವನ್ನೂ, ಕ್ಷಣಾರ್ಧ ತಡವಾಗಿ ಛಾವಣಿಗೆ ತಾಗಿ ಮರಳಿದ ಅದರ ಅನುರಣನವನ್ನೂ, ನೆರೆಯವನ ನಿಟ್ಟುಸಿರನ್ನೂ ಮುಂದೆಂದೂ ಬಿಡಿಸಲಾಗದಂತೆ ಒಂದೇ ಎಳೆಯಾಗಿ ಹೆಣೆದುಬಿಡುತ್ತದೆ. ಸಭೆಯಲ್ಲಿ ಪ್ರತ್ಯಕ್ಷವಾಗಿ ಕುಳಿತವನ ಕಿವಿ ಬೇಡದ ಸದ್ದನ್ನು ತಾನಾಗಿ ಬದಿಗೆ ಸರಿಸುತ್ತದೆ. ಯಂತ್ರಕ್ಕೆ ಆ ವಿವೇಕವಿಲ್ಲ. ಆದುದರಿಂದ ಗಾಯಕನನ್ನು ಉಳಿಸಿಕೊಳ್ಳಲು ಹೊರಟ ಹವ್ಯಾಸಿಯು, ತಾನರಿಯದೆಯೇ, ಸಭಾಭವನವನ್ನು ಉಳಿಸಿಕೊಂಡಿರುತ್ತಾನೆ.

1888ರ ಜೂನ್ 29ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಎಂಬ ಗಾಜಿನ ಅರಮನೆಯಲ್ಲಿ, ಸುಮಾರು 4000 ಮಂದಿಯ ಮೇಳ ಹಾಡಿದ ಸಂಗೀತಕಾರ ಹ್ಯಾಂಡೆಲನ ಕೃತಿಯನ್ನು ಎಡಿಸನ್ನನ ಪ್ರತಿನಿಧಿಯಾದ ಕರ್ನಲ್ ಗೌರಾಡನ ಕಡೆಯವರು ನೂರು ಗಜಕ್ಕೂ ದೂರದಿಂದ ಮೇಣದ ಉರುಳೆಗಳ ಮೇಲೆ ಮುದ್ರಿಸಿದರು. ಎಡಿಸನ್ನನ ಪ್ರತಿನಿಧಿಯನ್ನು ಹವ್ಯಾಸಿಯೆಂದು ಕರೆಯುವುದು ಅಷ್ಟು ಸರಿಯಲ್ಲ. ಆದರೂ ಪರಂಪರೆ ಅಲ್ಲಿಂದಲೇ ಮೊದಲಾಗುತ್ತದೆ. ಇಂದು ಆ ಉರುಳೆಗಳಲ್ಲಿ ಪದಗಳು ತಿಳಿಯುವುದಿಲ್ಲ. ಕಡಲ ಮೊರೆತದಂತಹ ಒಂದು ಏರಿಳಿತ ಮಾತ್ರ ಕೇಳುತ್ತದೆ. ಅರಮನೆ 1936ರಲ್ಲಿ ಬೆಂಕಿಗೆ ಆಹುತಿಯಾಯಿತು.

ಈ ಹವ್ಯಾಸದ ನಿಜವಾದ ಮೂಲಪುರುಷ ಲಯನೆಲ್ ಮೇಪಲ್ಸನ್. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಭವನದಲ್ಲಿ ಸ್ವರಲಿಪಿ ಗ್ರಂಥಗಳನ್ನು ಕಾಯುವ ಗ್ರಂಥಪಾಲನಾಗಿದ್ದ ಈತನು, 1900ರಲ್ಲಿ ಎಡಿಸನ್ ಫೋನೋಗ್ರಾಫ್ ಒಂದನ್ನು ಕೊಂಡು, ಮರೆತ ಮಾತನ್ನು ಎತ್ತಿಕೊಡುವ ಪ್ರಾಂಪ್ಟರನ ಗೂಡಿನಲ್ಲಿ ಮೊದಲು ಅದನ್ನು ಇರಿಸಿ, ಅನಂತರ ರಂಗದ ಮೇಲೆ ಪರದೆಗಳನ್ನು ಎಳೆಯುವ ಅಟ್ಟಕ್ಕೆ ಸಾಗಿಸಿ, ಅಲ್ಲಿಂದ ದೊಡ್ಡದೊಂದು ಕಹಳೆಯನ್ನು ಕೆಳಮುಖವಾಗಿ ಹಿಡಿದು, 1903ರವರೆಗೆ ನಡೆಯುತ್ತಿದ್ದ ಪ್ರಯೋಗಗಳ ತುಣುಕುಗಳನ್ನು ಸಂಗ್ರಹಿಸಿದನು. ಒಂದು ಉರುಳೆಗೆ ಹಿಡಿಸುತ್ತಿದ್ದುದು ಸುಮಾರು ಎರಡು ನಿಮಿಷ. ಆದುದರಿಂದ ಗಾಯನ ಎಲ್ಲಿಂದಲೋ ತೊಡಗಿ ಎಲ್ಲಿಯೋ ಕಡಿದುಹೋಗುತ್ತದೆ. ಮತ್ತೆಮತ್ತೆ ಹಾಕಿ ಕೇಳಿದ್ದರಿಂದ ಮೇಣವೂ ಸವೆದು, ಮಳೆ ಸುರಿಯುವಂತಹ ಚರಚರ ಶಬ್ದದ ಹಿಂದೆ ಕಂಠವನ್ನು ಹುಡುಕಬೇಕಾಗುತ್ತದೆ. ಹುಡುಕಿದವರಿಗೆ ಸಿಗುವುದೇನು? ಆ ಕಾಲದ ಅತ್ಯಂತ ಕೀರ್ತಿವಂತ ಗಾಯಕನಾಗಿದ್ದ ಜಾನ್ ದ ರೆಸ್ಕೆಯ ಧ್ವನಿಯನ್ನು ಕೇಳಲು ಇವಲ್ಲದೆ ಬೇರೆ ಮಾರ್ಗ ಉಳಿದಿಲ್ಲ. ಅದಕ್ಕಿಂತ ಮಿಗಿಲಾಗಿ, ವಾದ್ಯವೃಂದದ ಆ ಆಳದಿಂದ ಗಾಯಕಿ ಮೆಲ್ಬಾಳ ಸ್ವರ ಮೇಲೇರಿ, ಕೊನೆಯಲ್ಲಿ ಸಭೆಯ ಕರತಾಡನ ಅಲೆಯಂತೆ ಏಳುವಾಗ, 1883ರಲ್ಲಿ ಕಟ್ಟಿ 1967ರಲ್ಲಿ ಕೆಡವಿದ ಆ ಭವನದ ಅಟ್ಟದ ಮೇಲೆ ಕೇಳುಗನೇ ಕುಳಿತಂತಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಪಿಯಾನೋ ಜೊತೆಗೆ ಹಾಡಿಸಿದ ಅದೇ ಕಾಲದ ವಾಣಿಜ್ಯ ತಟ್ಟೆಗಳು ಎಷ್ಟೋ ಸ್ಪಷ್ಟವಾಗಿವೆ, ಅಷ್ಟೇ ನಿರ್ಜೀವವಾಗಿಯೂ ಇವೆ. 1937ರಲ್ಲಿ ಮೇಪಲ್ಸನ್ ತೀರಿಕೊಂಡನು. ಉಳಿದ ಉರುಳೆಗಳನ್ನು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವು 1985ರಲ್ಲಿ ತಟ್ಟೆಗಳ ರೂಪದಲ್ಲಿ ಪ್ರಕಟಿಸಿತು.

1940ರ ನವೆಂಬರ್ 7ರ ರಾತ್ರಿ ಉತ್ತರ ಡಕೋಟದ ಫಾರ್ಗೊ ಪಟ್ಟಣದ ನೃತ್ಯಶಾಲೆಯಲ್ಲಿ ಡ್ಯೂಕ್ ಎಲಿಂಗ್ಟನ್ನನ ಜ಼ಾಜ್ ವೃಂದ ನುಡಿಸಿದಾಗ, ಜ್ಯಾಕ್ ಟವರ್ಸ್ ಮತ್ತು ಡಿಕ್ ಬರಿಸ್ ಎಂಬ ತರುಣರಿಬ್ಬರು, ಮಾರುವುದಿಲ್ಲವೆಂಬ ಕರಾರಿನ ಮೇಲೆ ಅನುಮತಿ ಪಡೆದು, ತಟ್ಟೆ ಕೊರೆಯುವ ಯಂತ್ರವನ್ನು ಹೂಡಿದರು. ತಟ್ಟೆ ಬದಲಿಸುವಾಗ ಕೆಲವು ಕೃತಿಗಳಿಗೆ ಕತ್ತರಿ ಬಿದ್ದಿತು. ಹಲವು ದಶಕಗಳ ಮೇಲೆ ಪ್ರಕಟವಾದ ಈ ಮುದ್ರಣಕ್ಕೆ 1980ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆತುದು ಹವ್ಯಾಸಿಗಳಿಗೆ ಸಂದ ಅಪರೂಪದ ಮನ್ನಣೆ.

ಫಿಲಿಪ್ಸ್ ಸಂಸ್ಥೆ 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದ ಮೇಲೆ ಯಂತ್ರ ಕೈಚೀಲದಲ್ಲಿ ಹಿಡಿಸುವಂತಾಯಿತು. 1970ರ ಆಗಸ್ಟ್ 23ರಂದು ನ್ಯೂಯಾರ್ಕಿನ ಮ್ಯಾಕ್ಸಸ್ ಕ್ಯಾನ್ಸಸ್ ಸಿಟಿ ಎಂಬ ಉಪಾಹಾರಗೃಹದಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡ ಹಾಡಿದುದನ್ನು ಬ್ರಿಜಿಡ್ ಬರ್ಲಿನ್ ಎಂಬಾಕೆ ತನ್ನ ಮೇಜಿನ ಮೇಲಿನ ಕ್ಯಾಸೆಟ್ ಯಂತ್ರದಲ್ಲಿ ಹಿಡಿದಳು. ಹಾಡುಗಳ ನಡುವೆ ಕವಿ ಜಿಮ್ ಕ್ಯಾರಲ್ ಪಾನೀಯ ತರಹೇಳುವ ಮಾತು ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. 1972ರಲ್ಲಿ ಮುದ್ರಣ ಪ್ರಕಟವಾದಾಗಲೂ ಆ ಮಾತನ್ನು ತೆಗೆಯಲಿಲ್ಲ. ತೆಗೆದಿದ್ದರೆ ಮೇಜೂ ದೀಪವೂ ಅದರೊಡನೆ ಹೋಗುತ್ತಿದ್ದವು. ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡವಂತೂ 1984ರಿಂದ ಮುದ್ರಿಸಿಕೊಳ್ಳುವವರಿಗೆಂದೇ ಪ್ರತ್ಯೇಕ ಆಸನಭಾಗವನ್ನು ಮೀಸಲಿಟ್ಟಿತು.

ಭಾರತದಲ್ಲಿ ಇದರ ಪ್ರಯೋಜನ ಬೇರೊಂದು ಬಗೆಯದು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಕ್ಕಿಂತ ಬಹಳ ಹೆಚ್ಚು ಹಿಡಿಸುತ್ತಿರಲಿಲ್ಲವಾಗಿ, ಒಂದು ತಾಸಿನ ರಾಗ ತಾನ ಪಲ್ಲವಿಯಾಗಲಿ, ಧಾರವಾಡದ ಬೈಠಕ್ಕಿನ ವಿಲಂಬಿತ ಖ್ಯಾಲಾಗಲಿ ಹೇಗಿತ್ತೆಂಬುದನ್ನು ಬಹುಮಟ್ಟಿಗೆ ರಸಿಕರ ಸ್ಪೂಲುಗಳಿಂದ, ಅಂದರೆ ಟೇಪಿನ ಸುರುಳಿಗಳಿಂದ, ತಿಳಿಯಬೇಕಾಗಿದೆ. ತಂಬೂರಿಯ ಶ್ರುತಿ ಕೂಡಿಸುವುದು, ಮೃದಂಗದ ಮೇಲೆ ಕಲ್ಲಿನ ಹದವಾದ ಏಟು, ಮುಂದಿನ ಕೃತಿ ಯಾವುದೆಂಬ ವೇದಿಕೆಯ ಪಿಸುಮಾತು, ಮುಂದಿನ ಸಾಲಿನಿಂದ ಎದ್ದ ಒಂದು ಭಲೇ: ಇವೆಲ್ಲ ಕಚೇರಿಗೆ ಸೇರಿದವೇ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ, 1939ರಲ್ಲಿ ಮೊದಲಾದ ರಾಮನವಮಿ ಸಂಗೀತೋತ್ಸವಕ್ಕೆಂದು ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಏಳುವ ಚಪ್ಪರವಂತೂ ಉತ್ಸವ ಮುಗಿದೊಡನೆ ಬಿಚ್ಚಿಹೋಗುವಂಥದು; ಅದರ ಅನುರಣನ ಉಳಿಯುವುದಾದರೆ ಇಂತಹ ಮುದ್ರಣಗಳಲ್ಲಿಯೇ.

ಸ್ಪೂಲಿನ ಮೇಲಿನ ಕಾಂತಲೇಪ ಕಾಲಕ್ರಮದಲ್ಲಿ ಉದುರುತ್ತದೆ. ಮನೆಯ ಅಟ್ಟದಲ್ಲಿ ಅಂತಹ ಸುರುಳಿಗಳುಳ್ಳವರು ಬೇಗನೆ ನಕಲು ಮಾಡಿಸಿಡುವುದು ಲೇಸು. ಮಾಡಿಸುವಾಗ ಕೆಮ್ಮನ್ನು ಕತ್ತರಿಸದಂತೆ ಹೇಳಬೇಕು.